ಹಂದಿಗೊಲ್ಲನ ಕೋಟು

ಒಂದೇ ವರ್ಷ ಹುಟ್ಟಿದ ಗಂಡಸರು ನಮ್ಮಲ್ಲಿ ಒಬ್ಬರಿಗೊಬ್ಬರು ಕುರ್ದಾಸ್. ಕುರ್ದಾಸ್ ಏನು ಬೇಕಾದರೂ ಅನ್ನಬಹುದು. ಹೆಂಡತಿಯ ಮೂಗು, ಅಪ್ಪನ ಜಿಪುಣತನ, ಮದುವೆಯ ದಿನ ಕುದುರೆಯಿಂದ ಬಿದ್ದದ್ದು, ಯಾವುದಕ್ಕೂ ತಡೆಯಿಲ್ಲ. ಅನ್ನಿಸಿಕೊಂಡವನು ಸಿಟ್ಟಾಗುವ ಹಾಗಿಲ್ಲ, ನಗಬೇಕು. ಸಿಟ್ಟಾದರೆ ಕುರಿ ಕಡಿದು ಎಲ್ಲರಿಗೂ ಊಟ ಹಾಕಬೇಕು. ನನ್ನಂಥ ಬಾಯಿಬಡುಕನಿಗೆ ಇದಕ್ಕಿಂತ ಒಳ್ಳೆಯ ಕಟ್ಟಳೆ ಬೇರೆ ಯಾವುದಿತ್ತು?

ನಾನು ಕಾಬ್ದೆನ್, ನನ್ನ ಕುರ್ದಾಸ್ ದೂಸೆನ್. ಇಬ್ಬರ ಮನೆಗೂ ನಡುವೆ ಒಂದು ಬೇಲಿ, ಇಬ್ಬರಿಗೂ ಸೇರಿ ಒಂದು ದೋಣಿ. ಇಲೆ ನದಿ ಬಲ್ಖಾಶ್ ಸರೋವರಕ್ಕೆ ಸೇರುವ ಕಡೆ ನೂರು ಸೀಳಾಗಿ ಒಡೆಯುತ್ತದೆ, ಆ ಸೀಳುಗಳ ನಡುವೆ ಎರಡಾಳೆತ್ತರದ ಜೊಂಡು. ಆ ಜೊಂಡಿನಲ್ಲಿ ಮೀನು ಹಿಡಿದು ಬದುಕಿದವರು ನಾವು.

ಸೈನ್ಯದಿಂದ ಬಂದ ವರ್ಷ ಅವನನ್ನು ನದಿಯಾಚೆಯ ಸರ್ಕಾರಿ ಹಂದಿ ಫಾರಂಗೆ ಮೇವಿನ ಗಾಡಿ ಹೊಡೆಯಲು ಹಾಕಿದರು. ಅಲ್ಲಿದ್ದವರೆಲ್ಲ ಜರ್ಮನ್ನರು, ರಷ್ಯನ್ನರು, ಹಂದಿ ಮೈಲಿಗೆಯಾದ ಮುಸಲ್ಮಾನ ಇವನೊಬ್ಬನೇ. ಒಲ್ಲೆ ಅನ್ನುವ ಕಾಲ ಅದಲ್ಲ. ಮೂರು ಚಳಿಗಾಲ ದುಡಿದ. ಪ್ರತಿ ಶನಿವಾರ ಮನೆಗೆ ಬರುವ ಮುಂಚೆ ನದಿಯಲ್ಲಿ ಮುಳುಗಿ ಏಳುತ್ತಿದ್ದ. ನದಿ ಹೆಪ್ಪುಗಟ್ಟಿದ್ದರೆ ಹಿಮ ಬಾಚಿಕೊಂಡು ಚರ್ಮ ಕೆಂಪಾಗುವವರೆಗೆ ಮೈ ತಿಕ್ಕುತ್ತಿದ್ದ. ಬಟ್ಟೆ ಹೊರಗಿನ ಗೂಟದಲ್ಲಿ ಬಿಟ್ಟು ಒಳಗೆ ಹೋಗುತ್ತಿದ್ದ. ಬೇಲಿಯ ಈಚೆಯಿಂದ ನಾನು ಇದನ್ನೆಲ್ಲ ನೋಡುತ್ತಿದ್ದೆ. ನೋಡಿ ಅವನಿಗೆ ಹಂದಿಗೊಲ್ಲ ಅಂತ ಹೆಸರಿಟ್ಟೆ.

ಹೆಸರು ಅಂಟಿತು. ಅವನ ಮದುವೆಯಲ್ಲಿ ಮದುಮಗಳು ಕನಿಪಾಳ ಮುಸುಕು ಸರಿಸುವಾಗ ನಾನು ಎದ್ದು ನಿಂತು, "ಹೆದರ್ಬೇಡಮ್ಮ, ಇವ್ನು ಮೂರು ವರ್ಷ ನಿನಗಿಂತ ಉದ್ದ ಮೂತಿಯವರ ಜೊತೆ ಸಂಸಾರ ಮಾಡಿದೋನು" ಅಂದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ದೂಸೆನ್ ಎಲ್ಲರಿಗಿಂತ ಜೋರಾಗಿ ನಕ್ಕ. ಫಾರಂ ಮುಚ್ಚಿತು, ಜರ್ಮನ್ನರು ಊರು ಬಿಟ್ಟರು, ಹೆಸರು ಮಾತ್ರ ಉಳಿಯಿತು. ಇಪ್ಪತ್ತೈದು ವರ್ಷ ಕಳೆದ ಮೇಲೆ ಅವನ ಮಗನಿಗೆ ಹೆಣ್ಣು ಕೊಡಲು ಬಂದ ಬೀಗರ ಮುಂದೆಯೂ ನಾನು ಅದನ್ನೇ ತೆಗೆದೆ. ಹುಡುಗಿಯ ಅಜ್ಜ ಚಹಾದ ಬಟ್ಟಲನ್ನು ಹಾಗೇ ಕೆಳಗಿಟ್ಟ, ಮತ್ತೆ ಎತ್ತಲಿಲ್ಲ. ಆ ಸಂಬಂಧ ಮುರಿಯದಿರಲು ದೂಸೆನ್ ಹೆಣ್ಣಿನವರಿಗೆ ಮಾತಾಗಿದ್ದ ತೆರಕ್ಕಿಂತ ಒಂದು ಕುದುರೆ ಹೆಚ್ಚು ಕೊಡಬೇಕಾಯಿತು. ಆಗಲೂ ನಕ್ಕ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಬೆಕ್ಕಿಗೆ ಅದು ಗೊತ್ತಾಗುವುದೇ ಇಲ್ಲ ಅಂತ ಯಾರೂ ಹೇಳುವುದಿಲ್ಲ.

ರಷ್ಯನ್ನರು ಹೋದ ಮೇಲೆ ನಮ್ಮ ಜೊಂಡಿನಲ್ಲಿ ಕಾಡುಹಂದಿ ಹೊಡೆಯುವವರು ಇಲ್ಲವಾದರು. ನಾವು ತಿನ್ನುವುದಿಲ್ಲ, ಮುಟ್ಟುವುದೂ ಇಲ್ಲ. ಹಂದಿಗಳು ಹೆಚ್ಚಿದವು. ಜೊಂಡಿನ ಗೆಡ್ಡೆಗಾಗಿ ದಡವನ್ನೆಲ್ಲ ಮೂತಿಯಿಂದ ಉತ್ತು ಹಾಕುತ್ತಿದ್ದವು, ಬಲೆಯಲ್ಲಿ ಸತ್ತ ಮೀನಿದ್ದರೆ ಬಲೆಯ ಸಮೇತ ಹರಿಯುತ್ತಿದ್ದವು. ಉಳಿದವರು ಬೈಯುತ್ತಿದ್ದರು. ದೂಸೆನ್ ಮಾತ್ರ ನಿಂತು ನೋಡುತ್ತಿದ್ದ. ಒಂದು ಮರಕ್ಕೆ ಕೆಸರು ಮೆತ್ತಿದ್ದರೆ ಅದರ ಎತ್ತರ ಅಳೆದು ಎಷ್ಟು ದೊಡ್ಡದು ಮೈ ಉಜ್ಜಿಹೋಗಿದೆ ಅಂತ ಹೇಳುತ್ತಿದ್ದ. ಗಂಡು ವರ್ಷವಿಡೀ ಒಂಟಿ, ಚಳಿಗಾಲದ ಮೊದಲಲ್ಲಿ ಮಾತ್ರ ಹಿಂಡಿಗೆ ಬರುತ್ತದೆ, ಆಗ ಗಂಡುಗಳು ಕೋರೆಯಿಂದ ಒಂದನ್ನೊಂದು ಸೀಳಬಾರದೆಂದು ದೇವರು ಅವುಗಳ ಭುಜದ ಚರ್ಮವನ್ನು ಹಲಗೆಯಷ್ಟು ದಪ್ಪ ಮಾಡಿದ್ದಾನೆ ಅನ್ನುತ್ತಿದ್ದ. ಹಿಂಡು ಹೆಂಗಸರದ್ದು, ನಡೆಯುವುದು ಮುದಿ ಹೆಣ್ಣಿನ ಮಾತಿನ ಮೇಲೆ. ಅವಳನ್ನು ಕೊಂದರೆ ಉಳಿದವು ದಿಕ್ಕಾಪಾಲಾಗುತ್ತವೆ, ಹೊತ್ತು ಗೊತ್ತಿಲ್ಲದೆ ಈಯುತ್ತವೆ. ಈಯುವ ಹೆಣ್ಣು ಹಿಂಡು ಬಿಟ್ಟು ಹೋಗಿ ಹುಲ್ಲು ಕಡ್ಡಿ ಹೊತ್ತು ತಂದು ಮನೆ ಕಟ್ಟುತ್ತದಂತೆ. ನಾಯಿ ಕಟ್ಟುತ್ತದಾ, ಕುರಿ ಕಟ್ಟುತ್ತದಾ ಅಂತ ನನ್ನನ್ನೇ ಕೇಳುತ್ತಿದ್ದ.

"ಗೊತ್ತಿರುತ್ತೆ ಬಿಡು ನಿಂಗೆ, ಬಾಣಂತನಕ್ಕೆ ಹೋಗಿದ್ದೆಯಲ್ಲ" ಅನ್ನುತ್ತಿದ್ದೆ ನಾನು. ಅವನು ನಗುತ್ತಿದ್ದ.

ನಮಗಿಬ್ಬರಿಗೂ ಐವತ್ತೆಂಟು ತುಂಬಿದ ಚಳಿಗಾಲ. ಆ ವರ್ಷ ಹಿಮ ಬಿದ್ದು, ಒಂದು ದಿನ ಕರಗಿ, ಮತ್ತೆ ಗಟ್ಟಿಯಾಗಿ ನೆಲದ ಮೇಲೆ ಗಾಜು ಹೊದೆಸಿದ ಹಾಗಾಗಿತ್ತು. ಜಾನುವಾರಿಗೆ ಹುಲ್ಲು ಸಿಗಲಿಲ್ಲ. ಹಂದಿಗಳಿಗೆ ಮೂತಿ ಊರಲು ಆಗಲಿಲ್ಲ. ಗಿಡ್ಡ ಕಾಲಿನ ಪ್ರಾಣಿ, ಆಳದ ಹಿಮದಲ್ಲಿ ಹೊಟ್ಟೆ ತಾಗಿ ನಿಂತುಬಿಡುತ್ತದೆ. ದಾರಿಯಲ್ಲಿ ಸತ್ತ ಮರಿಗಳು ಸಿಗುತ್ತಿದ್ದವು, ಹಿಂದಿನ ವಸಂತದಲ್ಲಿ ಹುಟ್ಟಿ ಮೈಯ ಪಟ್ಟೆ ಅಳಿಸಿಹೋಗಿದ್ದಂಥವು. ದೂಸೆನ್ ಜಾರುಬಂಡಿ ನಿಲ್ಲಿಸಿ ಕೋಲಿನಿಂದ ಅವನ್ನು ದಾರಿಯ ಪಕ್ಕಕ್ಕೆ ಸರಿಸುತ್ತಿದ್ದ. ಮುಟ್ಟುತ್ತಿರಲಿಲ್ಲ.

ಜನವರಿಯ ಕೊನೆಗೆ, ಊರಿಂದ ಹದಿನೈದು ಕಿಲೋಮೀಟರ್ ದೂರದ ಕಾಲುವೆಯಲ್ಲಿ ಮಂಜುಗಡ್ಡೆಯಡಿ ಹಾಕಿದ್ದ ಬಲೆ ಎತ್ತಲು ಹೋದೆವು. ವಾಪಸು ಬರುವಾಗ ಬುಗ್ಗೆ ಇರುವ ಕಡೆ ಮಂಜುಗಡ್ಡೆ ತೆಳುವಾಗಿತ್ತು, ಬಂಡಿಯ ಹಿಂಭಾಗ ಕುಸಿಯಿತು. ನಾನು ಎದೆಯವರೆಗೆ ನೀರಿಗೆ ಹೋದೆ. ದೂಸೆನ್ ಮೊದಲು ಕುದುರೆಯ ಪಟ್ಟಿ ಕತ್ತರಿಸಿ ಅದನ್ನು ಬಿಟ್ಟ, ಆಮೇಲೆ ಮಂಜುಗಡ್ಡೆಯ ಮೇಲೆ ಬೋರಲು ಮಲಗಿ ನನ್ನನ್ನು ಎಳೆದ. ಕುದುರೆ ಊರ ದಾರಿ ಹಿಡಿದು ಓಡಿತು. ಸರೋವರದ ಕಡೆಯಿಂದ ಹಿಮಗಾಳಿ ಎದ್ದಿತು. ಸಂಜೆ ನಾಲ್ಕಕ್ಕೇ ಕೈ ಚಾಚಿದರೆ ಬೆರಳು ಕಾಣಲಿಲ್ಲ.

ಸಿಗರೇಟು ಸೇದುವವನು ನಾನು, ಬೆಂಕಿಪೆಟ್ಟಿಗೆ ಇದ್ದದ್ದು ನನ್ನ ಜೇಬಿನಲ್ಲಿ, ಅದು ನನ್ನ ಜೊತೆಗೆ ನೀರಿಗೆ ಹೋಗಿತ್ತು. ಷರಾಯಿ ಹಲಗೆಯಾಗಿ ಮೊಣಕಾಲು ಮಡಿಸಲು ಬರುತ್ತಿರಲಿಲ್ಲ. ದೂಸೆನ್ ನನ್ನ ಒದ್ದೆ ಕೋಟು ಕಿತ್ತು ಎಸೆದು ತನ್ನ ಕುರಿತೊಗಲಿನ ಕೋಟು ನನಗೆ ತೊಡಿಸಿದ. ಅವನ ಮೈಮೇಲೆ ಉಳಿದದ್ದು ಹತ್ತಿಯ ಜಾಕೀಟು. ನನ್ನನ್ನು ಜೊಂಡಿನೊಳಕ್ಕೆ ತಳ್ಳಿಕೊಂಡು ನಡೆದ. ಸ್ವಲ್ಪ ದೂರ ಹೋಗಿ ನಿಂತು ಮೂಗು ಎತ್ತಿದ. "ಇಲ್ಲೇ ಎಲ್ಲೋ ಮಲಗಿದಾವೆ" ಅಂದ.

ಜೊಂಡು ದಟ್ಟವಾಗಿದ್ದ ಕಡೆ ಒಂದು ರಾಶಿ ಇತ್ತು, ಯಾರೋ ಕೊಯ್ದು ಒಟ್ಟಿಟ್ಟ ಮೇವಿನ ಹಾಗೆ. ಮೇಲಿನಿಂದ ಹಬೆ ಏಳುತ್ತಿತ್ತು. ಎಂಟೋ ಹತ್ತೋ ಹಂದಿಗಳು ತಾವೇ ಕಡಿದು ತಂದ ಜೊಂಡಿನಲ್ಲಿ ಒಂದರ ತಲೆ ಇನ್ನೊಂದರ ಬಾಲಕ್ಕೆ ಬರುವ ಹಾಗೆ ಒತ್ತಿಕೊಂಡು ಮಲಗಿದ್ದವು. ಚಿಕ್ಕವು ನಡುವೆ. ದೂಸೆನ್ ಗಂಟಲಿನಿಂದ ಒಂದು ಸಣ್ಣ ಸದ್ದು ತೆಗೆದ. ಫಾರಂನಲ್ಲಿ ಕಲಿತದ್ದಿರಬೇಕು, ನಾನು ಅದುವರೆಗೆ ಕೇಳಿರಲಿಲ್ಲ. ಮುದಿ ಹೆಣ್ಣು ಎದ್ದು ನಿಂತು ನಮ್ಮತ್ತ ಮೂತಿ ಚಾಚಿತು. ಅದಕ್ಕೆ ಕಣ್ಣು ಅಷ್ಟಕ್ಕಷ್ಟೆ, ನೋಡುವುದೆಲ್ಲ ಮೂಗಿನಿಂದ. ಒಮ್ಮೆ ಜೋರಾಗಿ ಉಸಿರು ಬಿಟ್ಟಿತು, ಅಷ್ಟೆ. ಎಲ್ಲ ಎದ್ದವು. ಅದು ಎದೆಯಿಂದ ಹಿಮ ಒಡೆಯುತ್ತಾ ಮುಂದೆ, ಉಳಿದವು ಬಾಲ ನೆಟ್ಟಗೆ ಮಾಡಿಕೊಂಡು ಸಾಲಾಗಿ ಹಿಂದೆ, ಗಾಳಿಯೊಳಗೆ ಹೊರಟುಹೋದವು.

"ಇವತ್ತೊಂದಿನಕ್ಕೆ ಕೊಡಮ್ಮ" ಅಂದ ದೂಸೆನ್ ಅದರ ಬೆನ್ನಿಗೆ. ನನಗೆ, "ಇಳಿ ಒಳಗೆ" ಅಂದ.

ಇಳಿದೆ. ಪ್ರಾಣ ಹೋಗುವಾಗ ಮೈಲಿಗೆ ಯಾರಿಗೆ ನೆನಪಿರುತ್ತದೆ? ಬಾಣಲೆಯ ಹಾಗೆ ಗುಳಿಬಿದ್ದ ಜಾಗ, ಇನ್ನೂ ಅವುಗಳ ಮೈಬಿಸಿ ಇತ್ತು. ನಾತ ಕಣ್ಣಲ್ಲಿ ನೀರು ತರಿಸುವಷ್ಟಿತ್ತು. ದೂಸೆನ್ ಬಾಚಿ ಬಾಚಿ ಜೊಂಡನ್ನು ನನ್ನ ಮೇಲೆ ಹೇರಿದ. ಕಾಲಿಗೆ ಜೀವ ಬಂದು ನೋವು ಶುರುವಾಯಿತು. ನೋವು ಬಂದದ್ದೇ ಬದುಕಿದೆ ಅನ್ನಿಸಿತು, ಬದುಕಿದೆ ಅನ್ನಿಸಿದ್ದೇ ಈ ಎಲುಬಿಲ್ಲದ ನಾಲಿಗೆ ತಿರುಗಿತು.

"ಬಾರೋ ಹಂದಿಗೊಲ್ಲ, ಒಳಗೆ ಬಾ. ನಿನ್ನತ್ತೆ ಮನೆ ಹಾಸಿಗೆ ಇನ್ನೂ ಬಿಸಿಯಾಗಿದೆ."

ನಾನು ಕರೆದದ್ದು ನಿಜವಾಗಿ. ಬಾ ಅಂತಲೇ ಕರೆದದ್ದು. ನನಗೆ ಕರೆಯಲು ಬರುತ್ತಿದ್ದದ್ದು ಹಾಗೆಯೇ.

ದೂಸೆನ್ ನಕ್ಕ. ಆಮೇಲೆ ಇನ್ನೊಂದು ತೆಕ್ಕೆ ಜೊಂಡು ನನ್ನ ಮೇಲೆ ಹೇರಿ, "ಮಲ್ಕೋ ನೀನು. ಇಬ್ರಿಗೆ ಜಾಗ ಸಾಲಲ್ಲ" ಅಂದ.

ಹತ್ತು ಹಂದಿ ಮಲಗಿದ್ದ ಜಾಗ ಅದು. ಸಾಲುತ್ತದೆ ಅಂತ ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಇನ್ನೊಮ್ಮೆ ಕರೆದೆ. ಗಾಳಿ ಬರುವ ಕಡೆ ಬೆನ್ನು ಕೊಟ್ಟು ಕೂತಿದ್ದವನು, "ಹೂಂ, ಬರ್ತೀನಿ" ಅಂದ. ಮೂರನೆಯ ಸಲ ಕರೆಯಬೇಕೆಂದುಕೊಂಡೆ. ಬೆಚ್ಚಗಿತ್ತು, ನಿದ್ದೆ ಬಂತು.

ಬೆಳಕಾದಾಗ ಗಾಳಿ ನಿಂತಿತ್ತು. ಅವನು ನನ್ನಿಂದ ಎರಡು ಮಾರು ದೂರದಲ್ಲಿ, ಗೂಡಿನ ಅಂಚಿಗೇ, ಮೊಣಕಾಲು ಎದೆಗೆ ಅವುಚಿಕೊಂಡು, ಟೋಪಿಯ ಕಿವಿ ಕಟ್ಟಿಕೊಂಡು ಕೂತೇ ಇದ್ದ. ಮುಟ್ಟಿದರೆ ಮರ.

ಆಮೇಲೆ ನಾನು ಮಾಡಿದ್ದನ್ನು ಹೇಳುತ್ತೇನೆ. ಅವನ ಕೋಟನ್ನು ಬಿಚ್ಚಿ ಅವನ ಹೆಗಲಿಗೇ ಹೊದೆಸಿದೆ. ಅವನದು ಅವನಿಗೆ ಸೇರಲಿ, ಅವನಿಗೆ ಚಳಿಯಾಗುತ್ತಿದೆ ಅನ್ನುವ ಹುಚ್ಚು ಯೋಚನೆಯೂ ಅದರಲ್ಲಿ ಇತ್ತು. ಆದರೆ ಅದಷ್ಟೇ ಆಗಿದ್ದರೆ ಮುಂದಿನದನ್ನು ಮಾಡುತ್ತಿರಲಿಲ್ಲ. ದೂರದಲ್ಲಿ ಊರವರು ಕೂಗುವುದು ಕೇಳಿಸಿತು. ನನ್ನ ಅಂಗಿಗೆ, ಷರಾಯಿಗೆ ಹಂದಿಯ ಒರಟು ರೋಮ ಮೆತ್ತಿಕೊಂಡಿತ್ತು. ಒಂದೊಂದನ್ನೇ ಕಿತ್ತೆ. ಹಿಮ ಬಾಚಿಕೊಂಡು ಮುಖ, ಕುತ್ತಿಗೆ, ಕೈ ಎಲ್ಲ ತಿಕ್ಕಿದೆ. ಅವನು ಶನಿವಾರಗಳಲ್ಲಿ ತಿಕ್ಕುತ್ತಿದ್ದ ಹಾಗೆಯೇ. ತೆವಳಿ ಹೋಗಿ ಗೂಡಿನಿಂದ ದೂರ ಕೂತೆ.

ಬಂದವರು ನೋಡಿದರು. ಹಂದಿಗೂಡು, ಅದರಲ್ಲಿ ಮನುಷ್ಯ ಮಲಗಿದ ಗುರುತು, ದೂಸೆನ್‌ನ ಕೋಟಿನ ತುಂಬ ಹಂದಿಯ ರೋಮ, ಹಂದಿಯ ನಾತ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ನಾನಾಗಿ ಏನೂ ಹೇಳಲಿಲ್ಲ. ನನ್ನ ಎಡಗಾಲಿನ ನಾಲ್ಕು ಬೆರಳು ಪಟ್ಟಣದ ಆಸ್ಪತ್ರೆಯಲ್ಲಿ ಹೋದವು. ನಾನು ಮನೆಗೆ ಬರುವ ಹೊತ್ತಿಗೆ ಊರು ಕಥೆ ಕಟ್ಟಿ ಮುಗಿಸಿತ್ತು. ಮೈಲಿಗೆಯಲ್ಲಿ ಮಲಗಿದವನು ಸತ್ತ, ಒದ್ದೆ ಬಟ್ಟೆಯಲ್ಲೇ ಹೊರಗೆ ಕೂತವನು ಬದುಕಿದ, ದೇವರು ನೋಡುತ್ತಿದ್ದಾನೆ.

ಈ ಮಾತು ನನ್ನ ಕಿವಿಗೆ ಬಿದ್ದ ದಿನವೇ ಬಾಯಿ ಬಿಡಬೇಕಿತ್ತು. ನಲವತ್ತು ವರ್ಷ ಬೇಡದ ಕಡೆಯೆಲ್ಲ ಬಿಟ್ಟ ಬಾಯಿ, ಆವತ್ತು ಹೊಲಿದುಕೊಂಡಿತು. ನನ್ನನ್ನು ಕಂಡರೆ ಹಿರಿಯರು ಎದ್ದು ಜಾಗ ಬಿಡತೊಡಗಿದರು. ಪಂಕ್ತಿಯಲ್ಲಿ ನನಗೆ ಮೇಲಿನ ಕಡೆಯ ದಿಂಬು. ಊಟದ ಕೊನೆಗೆ ಹರಸಲು ನನ್ನ ಕಡೆಯೇ ನೋಡುತ್ತಿದ್ದರು. ನಾನು ಕೈಯೆತ್ತಿ ಹರಸುತ್ತಿದ್ದೆ. ಥೂ, ನನ್ನ ಜನ್ಮಕ್ಕೆ.

ಸತ್ತವನ ಬಟ್ಟೆಯನ್ನು ನಮ್ಮಲ್ಲಿ ಹಂಚುತ್ತಾರೆ. ಮೈ ತೊಳೆದವರಿಗೆ, ನೆಂಟರಿಗೆ, ಗೆಳೆಯರಿಗೆ. ಒಳ್ಳೆಯ ಮನುಷ್ಯನ ಬಟ್ಟೆಗೆ ಜನ ಕಾಯುತ್ತಾರೆ. ದೂಸೆನ್‌ನ ಬಟ್ಟೆಯನ್ನು ಒಬ್ಬರೂ ತೆಗೆದುಕೊಳ್ಳಲಿಲ್ಲ. ಒಬ್ಬ ತನಗೆ ದೊಡ್ಡದಾಗುತ್ತದೆ ಅಂದ, ಇನ್ನೊಬ್ಬ ತನಗೆ ಬೇಕಾದಷ್ಟಿದೆ ಅಂದ. ಕೋಟು ಕುರ್ದಾಸ್‌ನ ಪಾಲು. ನಾನು ಆಗ ಆಸ್ಪತ್ರೆಯಲ್ಲಿದ್ದೆ, ಬಂದ ಮೇಲೂ ಕೇಳಲಿಲ್ಲ. ಕನಿಪಾ ಎಲ್ಲವನ್ನೂ ಗಂಟು ಕಟ್ಟಿ ಮೀನಿನ ಕೊಟ್ಟಿಗೆಯಲ್ಲಿ ಇಟ್ಟಳು. ಸೊಸೆಯನ್ನು ತವರಿನವರು ಹಬ್ಬಕ್ಕೆ ಕರೆದುಕೊಂಡು ಹೋದರು, ತಿಂಗಳಾದರೂ ಕಳಿಸಲಿಲ್ಲ. ಹಂದಿಗೂಡಿನಲ್ಲಿ ಸತ್ತವನ ಮನೆಯ ಒಲೆಯ ಮೇಲೆ ಬೇಯಿಸಿದ್ದನ್ನು ಉಣ್ಣಬೇಕಾ ಅಂತ ಅವಳ ಆ ಅಜ್ಜ ಕೇಳಿದನಂತೆ.

ಬೇಸಿಗೆಯಲ್ಲಿ ನಾನು ಮುಲ್ಲಾನ ಹತ್ತಿರ ಹೋಗಿ, ಯಾರೋ ದೂರದ ಊರಿನವನ ಮಾತು ಅನ್ನುವ ಹಾಗೆ ಕೇಳಿದೆ. ಜೀವ ಉಳಿಸಿಕೊಳ್ಳಲು ಒಬ್ಬ ಹಂದಿಗೂಡಿನಲ್ಲಿ ಮಲಗಿದರೆ ಹೇಗೆ? ಅವನು ಚಹಾ ಕುಡಿಯುತ್ತಾ, ಹಸಿವಿನಿಂದ ಸಾಯುವವನಿಗೆ ಅದರ ಮಾಂಸವೇ ತಪ್ಪಲ್ಲ ಅಂದಮೇಲೆ ಮಲಗುವುದು ಯಾವ ಲೆಕ್ಕ, ಎದ್ದು ತೊಳೆದುಕೊಂಡರೆ ಆಯಿತು ಅಂದ. ಇದು ದೂಸೆನ್‌ಗೆ ಗೊತ್ತಿರದ ಮಾತಲ್ಲ. ಫಾರಂನಲ್ಲಿದ್ದಾಗ ಇಂಥದೇ ಪ್ರಶ್ನೆಯನ್ನು ಹತ್ತು ಮುಲ್ಲಾಗಳಿಗೆ ಕೇಳಿದ್ದವನು ಅವನು. ಅವನು ದೇವರಿಗೆ ಹೆದರಿ ಹೊರಗೆ ಕೂರಲಿಲ್ಲ. ದೇವರು ಒಮ್ಮೆ ಕ್ಷಮಿಸಿ ಮರೆಯುತ್ತಾನೆ. ಅವನು ಗೂಡಿಗೆ ಇಳಿದಿದ್ದರೆ ನಾನು ಅದನ್ನು ಮೊಮ್ಮಕ್ಕಳ ಮದುವೆಯವರೆಗೂ ಹೇಳುತ್ತಿದ್ದೆ.

ವರ್ಷ ತುಂಬಿದ ಊಟಕ್ಕೆ ಕನಿಪಾ ಎರಡು ಕುದುರೆ ಕಡಿಸಿದಳು. ಗಂಡನ ಹೆಸರು ಉಳಿಸಬೇಕೆಂದು ಇದ್ದಬದ್ದದ್ದನ್ನೆಲ್ಲ ಹಾಕಿದ್ದಳು. ಸೊಸೆಯ ಕಡೆಯವರೂ ಬಂದಿದ್ದರು, ಅಜ್ಜ ಬಾಗಿಲ ಹತ್ತಿರವೇ ಕೂತಿದ್ದ. ನನಗೆ ಎಲ್ಲರಿಗಿಂತ ಮೇಲಿನ ಜಾಗ ಕೊಟ್ಟು ಮುಂದೆ ಮರ್ಯಾದೆಯ ಪಾಲಾಗಿ ಕುದುರೆಯ ತಲೆ ಇಟ್ಟರು. ಸತ್ತ ಕುರ್ದಾಸ್‌ನ ಬಗ್ಗೆ ಎರಡು ಮಾತಾಡು ಅಂದರು. ಆ ತಲೆಯನ್ನು ಪಕ್ಕಕ್ಕೆ ಸರಿಸಿದೆ. ಎದ್ದು ನಿಂತೆ.

"ಗೂಡಲ್ಲಿ ಮಲಗಿದ್ದೋನು ನಾನು" ಅಂದೆ. "ದೂಸೆನ್ ಅಲ್ಲ. ಕೋಟು ಅವನು ನಂಗೆ ಕೊಟ್ಟಿದ್ದು. ಅವನು ರಾತ್ರಿಯೆಲ್ಲ ಹೊರಗೆ ಕೂತು ಸತ್ತ."

ಆಮೇಲೆ ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು, ಇಡೀ ಮನೆ ನಗತೊಡಗಿತು. ಕಾಬ್ದೆನ್ ಶುರುಮಾಡಿದ, ಸತ್ತ ಮೇಲೂ ಬಿಡಲಿಲ್ಲ ಅಂದರು. ನಾನು ಕೂಗಿದೆ. ತಟ್ಟೆಯಿಂದ ರೊಟ್ಟಿ ಎತ್ತಿಕೊಂಡು ಅದರ ಮೇಲೆ ಆಣೆ ಇಟ್ಟೆ. ನಗು ನಿಂತಿತು. ಎಲ್ಲರಿಗಿಂತ ಹಿರಿಯ ಮುದುಕ ಕಣ್ಣೊರೆಸಿಕೊಂಡು ಪಕ್ಕದವನಿಗೆ ಹೇಳಿದ, "ನೋಡಯ್ಯಾ, ಕುರ್ದಾಸ್ ಅಂದ್ರೆ ಹೀಗಿರ್ಬೇಕು. ಗೆಳೆಯನ ಮೈಲಿಗೆ ತನ್ನ ತಲೆ ಮೇಲೆ ಹಾಕ್ಕೊಳ್ತಾನೆ. ಅದಕ್ಕೋಸ್ಕರ ರೊಟ್ಟಿ ಮೇಲೆ ಸುಳ್ಳಾಣೆ ಇಡೋಕೂ ಹೆದರಲ್ಲ."

ಹೌದು ಹೌದು ಅಂದರು. ಬಾಗಿಲ ಹತ್ತಿರದ ಅಜ್ಜ ಎದ್ದು ಬಂದು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ನಿಮ್ಮಂಥವರು ಇದ್ದಾರಲ್ಲ, ಸಾಕು ಅಂದ. ನಾನು ಬೊಗಳೆ ಬಿಟ್ಟಾಗಲೆಲ್ಲ ಇವರು ನಂಬಿದ್ದರು. ನಿಜವನ್ನು ಆಡಲು ಹೋದರೆ ನನ್ನ ಹತ್ತಿರ ಅದಕ್ಕೆ ಬೇರೆ ದನಿಯೇ ಇರಲಿಲ್ಲ.

ಊಟ ಮುಗಿದು ಜನ ಕರಗಿದ ಮೇಲೆ ಕನಿಪಾ ನನ್ನನ್ನು ಮೀನಿನ ಕೊಟ್ಟಿಗೆಗೆ ಕರೆದಳು. ಗಂಟು ಬಿಚ್ಚಿ ಒಂದೊಂದೇ ತೆಗೆದು ಹಲಗೆಯ ಮೇಲೆ ಇಟ್ಟಳು. ಟೋಪಿ, ಹತ್ತಿಯ ಜಾಕೀಟು, ಷರಾಯಿ, ಉಣ್ಣೆಯ ಬೂಟು. ಕೊನೆಗೆ ಕೋಟು.

"ಕೋಟಿನ ತುಂಬ ರೋಮ ಇದೆ, ಭಾವ" ಅಂದಳು. "ಟೋಪೀಲಿ ಒಂದಿಲ್ಲ. ಷರಾಯೀಲಿ ಒಂದಿಲ್ಲ. ಬರೀ ಕೋಟು ಹಾಕ್ಕೊಂಡು ಯಾರಾದ್ರೂ ಮಲಗ್ತಾರಾ?"

ಅವಳಿಗೆ ಮೊದಲ ವಾರದಿಂದಲೇ ಗೊತ್ತಿತ್ತು. ಒಂದು ವರ್ಷ ಬೇಲಿಯ ಆಚೆಯಿಂದ ನನಗೆ ಚಹಾ ಕಳಿಸಿದ್ದಳು, ಹಬ್ಬದಲ್ಲಿ ನನ್ನ ಹಾರೈಕೆಗೆ ತಲೆ ಬಾಗಿದ್ದಳು. ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಹೆಂಡತಿ ಗಂಡನ ಪರ ಹೇಳದೆ ಇನ್ನೇನು ಹೇಳುತ್ತಾಳೆ ಅನ್ನುತ್ತಿದ್ದರು, ನೀವು ಹೇಳಿದರೆ ನಂಬುತ್ತಾರೆ ಅಂದುಕೊಂಡಿದ್ದೆ ಅಂದಳು. ನನ್ನ ಕಾಲಿನ ಬೆರಳಿಲ್ಲದ ಜಾಗ ಉರಿಯತೊಡಗಿತು. ಅವನು ಯಾಕೆ ಒಳಗೆ ಬರಲಿಲ್ಲ ಅಂತ ಅವಳೇ ಕೇಳಿದಳು. ಆವತ್ತು ನಾನು ಕರೆದ ಮಾತನ್ನು, ಒಂದಕ್ಷರ ಬಿಡದೆ, ಅತ್ತೆ ಮನೆ ಹಾಸಿಗೆಯನ್ನೂ ಬಿಡದೆ ಹೇಳಿದೆ.

ಅವಳು ಕೋಟಿನ ತೋಳನ್ನು ಕೈಯಿಂದ ನೆಟ್ಟಗೆ ಮಾಡಿದಳು.

"ಅವರು ನಕ್ರಾ?"

"ನಕ್ಕ."

"ನಗ್ತಾರೆ. ನಗಲೇಬೇಕಲ್ಲ" ಅಂದಳು ಕನಿಪಾ. "ನೀವು ಹಾಗಂದ ದಿನ ಮನೆಗೆ ಬಂದ್ಮೇಲೂ ನಗ್ತಾನೇ ಇರೋರು. ಊಟ ಮಾತ್ರ ಮಾಡ್ತಿರಲಿಲ್ಲ."

ಕೋಟನ್ನು ಮಡಿಸಿ ನನ್ನ ಕೈಗೆ ಇಟ್ಟಳು. ಕುರ್ದಾಸ್‌ನ ಪಾಲು ಅಂದಳು. ರೋಮಗಳನ್ನು ಅವಳು ಒಂದನ್ನೂ ತೆಗೆದಿರಲಿಲ್ಲ. ನಾನೂ ತೆಗೆದಿಲ್ಲ. ಈಗ ಮೂರನೆಯ ಚಳಿಗಾಲ, ಅದನ್ನೇ ತೊಟ್ಟು ಅಂಗಡಿಗೆ, ಮಸೀದಿಯ ಬಾಗಿಲಿಗೆ ಹೋಗುತ್ತೇನೆ. ಯಾರಾದರೂ ಮೂಗು ಮುಚ್ಚಿಕೊಳ್ಳಲಿ, ಯಾರಾದರೂ ನನ್ನನ್ನು ಹಂದಿಗೊಲ್ಲ ಅನ್ನಲಿ ಅಂತ ಕಾಯುತ್ತೇನೆ. ಜನ ಎದ್ದು ಜಾಗ ಬಿಡುತ್ತಾರೆ. ಗೆಳೆಯನ ಮೈಲಿಗೆಯನ್ನು ಮೈಮೇಲೆ ಹೊತ್ತು ತಿರುಗುವ ಇಂಥ ಮನುಷ್ಯ ಇನ್ನೊಬ್ಬನಿಲ್ಲ ಅಂತ ನನ್ನೆದುರೇ ಹೇಳುತ್ತಾರೆ. ನಾನು ನಗುತ್ತೇನೆ. ಮನೆಗೆ ಬಂದ ಮೇಲೆ ಊಟ ಸೇರುವುದಿಲ್ಲ.